ಕೋಶ ಸಾಯುತ್ತಿವೆಯಾ? ಆರ್‌ಪಿಎಂ ಇಳಿಸುವ ಮುಂಚೆ ಇಷ್ಟು ನೋಡಿ

ಕೆಲಸಕ್ಕೆ ಸೇರಿದ ಮೊದಲ ವರ್ಷ. 3 ಲೀಟರಿನ ಗಾಜಿನ ರಿಯಾಕ್ಟರಿನಲ್ಲಿ ಚೋ ಕೋಶ (ಹ್ಯಾಮ್‌ಸ್ಟರ್ ಅಂಡಾಶಯದಿಂದ ಬಂದ, ಔಷಧ ಪ್ರೊಟೀನ್ ತಯಾರಿಸಲು ಬಳಸುವ ಕೋಶ) ಬೆಳೆಸುತ್ತಿದ್ದೆ. ಐದನೇ ದಿನ ಬೆಳಿಗ್ಗೆ ಸ್ಯಾಂಪಲ್ ತೆಗೆದು ಎಣಿಸಿದರೆ ವಯಬಿಲಿಟಿ, ಅಂದರೆ ನೂರಕ್ಕೆ ಎಷ್ಟು ಕೋಶ ಬದುಕಿವೆ ಅನ್ನುವ ಲೆಕ್ಕ, 96ರಿಂದ 89ಕ್ಕೆ ಬಿದ್ದಿತ್ತು. ಗಾಜಿನ ಹಿಂದೆ ದ್ರವವನ್ನು ಕಲಕುವ ಇಂಪೆಲ್ಲರ್ ಗಿರಗಿರ ತಿರುಗುತ್ತಿತ್ತು. ಇದರ ರೆಕ್ಕೆಯೇ ಕೋಶಗಳನ್ನು ಹೊಡೆದು ಹಾಕುತ್ತಿದೆ ಅಂದುಕೊಂಡು 150 ಆರ್‌ಪಿಎಂ ಇದ್ದದ್ದನ್ನು 100ಕ್ಕೆ ಇಳಿಸಿದೆ. ಸಂಜೆ ಹೊತ್ತಿಗೆ ನೊರೆ ಎದ್ದು ಮೇಲಿನ ಪ್ಲೇಟ್ ಮುಟ್ಟಿತು. ರಾತ್ರಿ ಎಗ್ಸಾಸ್ಟ್ ಫಿಲ್ಟರ್ ಒದ್ದೆಯಾಗಿ ಕಟ್ಟಿಕೊಂಡಿತು. ಮಾರನೇ ದಿನ ವಯಬಿಲಿಟಿ 74.

ಆದದ್ದೇನು ಅಂದರೆ, ಆರ್‌ಪಿಎಂ ಇಳಿದ ಕೂಡಲೇ ಆಮ್ಲಜನಕ ಮೀಡಿಯಾಕ್ಕೆ (ಕೋಶ ಬೆಳೆಯುವ ಪೋಷಕ ದ್ರವ) ಕರಗುವುದು ಕಡಿಮೆಯಾಯಿತು. ಡಿಒ (ಕರಗಿದ ಆಮ್ಲಜನಕದ ಮಟ್ಟ) ಬೀಳುತ್ತಿದ್ದಂತೆ ಕಂಟ್ರೋಲರ್ ತನ್ನ ಪಾಡಿಗೆ ತಾನು ಸ್ಪಾರ್ಜರಿನ (ಕೆಳಗಿನಿಂದ ಗುಳ್ಳೆ ಬಿಡುವ ತೂತಿನ ಕೊಳವೆ) ಗ್ಯಾಸ್ ಏರಿಸುತ್ತಾ ಹೋಯಿತು. ಗುಳ್ಳೆ ಜಾಸ್ತಿಯಾದವು. ನನ್ನ ಕೋಶಗಳನ್ನು ಕೊಲ್ಲುತ್ತಿದ್ದದ್ದು ಮೊದಲಿಂದಲೂ ಆ ಗುಳ್ಳೆಗಳೇ. ನಾನು ಅವಕ್ಕೆ ಇನ್ನಷ್ಟು ಬಲ ಕೊಟ್ಟಿದ್ದೆ.

ಎಂ.ಎಸ್ಸಿ ಮುಗಿಸಿ ಬೊಮ್ಮಸಂದ್ರ, ಜಿಗಣಿ ಕಡೆ ಅಪ್‌ಸ್ಟ್ರೀಮ್, ಅಂದರೆ ಕೋಶ ಬೆಳೆಸುವ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಇದೇ ತಪ್ಪು ಮಾಡುವುದನ್ನು ಆಮೇಲೆ ತುಂಬಾ ಸಲ ನೋಡಿದ್ದೇನೆ. ಶಿಯರ್ ಅಂದರೆ ಎಲ್ಲರಿಗೂ ಭಯ, ಆದರೆ ಲೆಕ್ಕ ಮಾಡಿ ನೋಡುವವರು ಕಡಿಮೆ. ಆ ಲೆಕ್ಕ ಒಂದು ಹಾಳೆಯಲ್ಲಿ ಮುಗಿಯುತ್ತದೆ.

ಶಿಯರ್ ಅಂದರೆ ಏನು

ಕೋಡುಬಳೆ ಹೊಸೆಯುವಾಗ ಹಿಟ್ಟಿನ ಉಂಡೆಯನ್ನು ಮಣೆ ಮೇಲಿಟ್ಟು ಅಂಗೈಯಿಂದ ಉಜ್ಜುತ್ತೇವೆ. ಮಣೆ ನಿಂತಿದೆ, ಕೈ ಓಡುತ್ತಿದೆ, ನಡುವೆ ಸಿಕ್ಕ ಉಂಡೆ ಉದ್ದವಾಗುತ್ತದೆ. ದ್ರವದೊಳಗೂ ಹಾಗೆಯೇ. ಅಕ್ಕಪಕ್ಕದ ಎರಡು ಪದರ ಬೇರೆ ಬೇರೆ ವೇಗದಲ್ಲಿ ಹರಿದರೆ ನಡುವೆ ಇರುವ ಕೋಶವನ್ನು ಎಳೆದು ಹೊಸೆಯುತ್ತವೆ. ವೇಗದ ವ್ಯತ್ಯಾಸವನ್ನು ಪದರಗಳ ನಡುವಿನ ದೂರದಿಂದ ಭಾಗಿಸಿ, ದ್ರವದ ಸ್ನಿಗ್ಧತೆಯಿಂದ ಗುಣಿಸಿದರೆ ಶಿಯರ್ ಸ್ಟ್ರೆಸ್ ಸಿಗುತ್ತದೆ. ಅಳತೆ ಪಾಸ್ಕಲ್‌ನಲ್ಲಿ.

ಬ್ಯಾಕ್ಟೀರಿಯಾ ಸುಮಾರು 1 ಮೈಕ್ರಾನ್ ದಪ್ಪ, ಸುತ್ತ ಗಟ್ಟಿ ಗೋಡೆ ಇದೆ. ಚೋ ಕೋಶ 12ರಿಂದ 15 ಮೈಕ್ರಾನ್. ಗೋಡೆ ಇಲ್ಲ, ಬರೀ ತೆಳು ಪೊರೆ. ಅದಕ್ಕೇ ಹಿಂದಿನವರು ಇದನ್ನು ತೀರಾ ನಾಜೂಕು ಅಂತ ಅಂದುಕೊಂಡರು. ಆ ಭಯ ಇವತ್ತಿಗೂ ಪೂರ್ತಿ ಹೋಗಿಲ್ಲ. ನಿಜವಾಗಿ ನೋಡಿದರೆ ಈ ಕೋಶ ನಾವು ಅಂದುಕೊಂಡಷ್ಟು ದುರ್ಬಲ ಅಲ್ಲ.

1. ಸ್ಕೇಲ್ ಹಿಡಿದು ಪಾತ್ರೆ ಅಳೆಯಿರಿ

ಇಂಪೆಲ್ಲರಿನ ವ್ಯಾಸ, ಪಾತ್ರೆಯ ಒಳವ್ಯಾಸ, ದ್ರವದ ಎತ್ತರ, ಇಂಪೆಲ್ಲರ್ ಎಷ್ಟು ಮೇಲಿದೆ, ಬ್ಯಾಫಲ್ (ಪಾತ್ರೆಯ ಒಳಗೋಡೆಯ ತಡೆಪಟ್ಟಿ) ಇದೆಯಾ ಇಲ್ಲವಾ, ಸ್ಪಾರ್ಜರಿನಲ್ಲಿ ಎಷ್ಟು ತೂತು, ಒಂದೊಂದು ಎಷ್ಟು ದಪ್ಪ. ಕೈಪಿಡಿಯಲ್ಲಿ ಬರೆದಿದ್ದರೂ ಒಮ್ಮೆ ನೀವೇ ಅಳೆಯಿರಿ. ಯಾರೋ ಯಾವತ್ತೋ ಇಂಪೆಲ್ಲರ್ ಬದಲಾಯಿಸಿರುತ್ತಾರೆ, ಬರೆದಿಟ್ಟಿರುವುದಿಲ್ಲ.

ಇಂಪೆಲ್ಲರ್ ಯಾವ ಥರದ್ದು ಅನ್ನುವುದೂ ಮುಖ್ಯ. ನೇರ ಅಲಗಿನ ರಷ್ಟನ್ ಟರ್ಬೈನಿನ ಪವರ್ ನಂಬರ್ ಸುಮಾರು 5. ಓರೆ ಅಲಗಿನ ಪಿಚ್ಡ್ ಬ್ಲೇಡಿನದು 1.5ರ ಆಸುಪಾಸು. ಅಂದರೆ ಅದೇ ಅಳತೆ, ಅದೇ ಆರ್‌ಪಿಎಂ ಇದ್ದರೂ ರಷ್ಟನ್ ಮೂರು ಪಟ್ಟು ಶಕ್ತಿಯನ್ನು ದ್ರವಕ್ಕೆ ಸುರಿಯುತ್ತದೆ. ಬರೀ ಆರ್‌ಪಿಎಂ ಹೇಳಿ ಶಿಯರ್ ಜಾಸ್ತಿಯೋ ಕಡಿಮೆಯೋ ಅಂತ ಕೇಳಿದರೆ ಯಾರೂ ಉತ್ತರ ಹೇಳಲಾರರು.

2. ನಾಲ್ಕು ಸಂಖ್ಯೆ ಕಂಡುಹಿಡಿಯಿರಿ

ನನ್ನ ಆ ಹಳೇ ರಿಯಾಕ್ಟರನ್ನೇ ತೆಗೆದುಕೊಳ್ಳೋಣ. ಒಳಗೆ 2 ಲೀಟರ್ ಮೀಡಿಯಾ. 6 ಸೆಂಟಿಮೀಟರ್ ವ್ಯಾಸದ ಪಿಚ್ಡ್ ಬ್ಲೇಡ್. 150 ಆರ್‌ಪಿಎಂ, ಅಂದರೆ ಸೆಕೆಂಡಿಗೆ 2.5 ಸುತ್ತು. 37 ಡಿಗ್ರಿಯಲ್ಲಿ ಮೀಡಿಯಾದ ಸ್ನಿಗ್ಧತೆಯನ್ನು ನೀರಿನಂತೆ ಸುಮಾರು 0.7 ಮಿಲಿಪಾಸ್ಕಲ್ ಸೆಕೆಂಡ್ ಅಂತ ಹಿಡಿಯಬಹುದು.

ಮೊದಲನೆಯದು ಅಲಗಿನ ತುದಿಯ ವೇಗ. 3.14ನ್ನು ಸೆಕೆಂಡಿನ ಸುತ್ತಿನಿಂದ, ಆಮೇಲೆ ವ್ಯಾಸದಿಂದ ಗುಣಿಸಿ. 3.14 × 2.5 × 0.06 = ಸೆಕೆಂಡಿಗೆ 0.47 ಮೀಟರ್. ನಾವು ಮೆಲ್ಲಗೆ ನಡೆಯುವುದಕ್ಕಿಂತಲೂ ನಿಧಾನ.

ಎರಡನೆಯದು ರೆನಾಲ್ಡ್ಸ್ ಸಂಖ್ಯೆ. ಸಾಂದ್ರತೆ × ಸುತ್ತು × ವ್ಯಾಸದ ವರ್ಗ, ಇದನ್ನು ಸ್ನಿಗ್ಧತೆಯಿಂದ ಭಾಗಿಸಿ. 1000 × 2.5 × 0.0036 ÷ 0.0007 = ಸುಮಾರು 12,900. ಕಲಕುವ ಪಾತ್ರೆಯಲ್ಲಿ ಇದು 10,000 ದಾಟಿದರೆ ಹರಿವು ಪೂರ್ತಿ ಪ್ರಕ್ಷುಬ್ಧ ಅಂತ ಲೆಕ್ಕ. ಒಳಗೆಲ್ಲ ಸುಳಿಗಳೇ ಸುಳಿಗಳು.

ಮೂರನೆಯದು ಶಕ್ತಿ. ಪವರ್ ನಂಬರ್ × ಸಾಂದ್ರತೆ × ಸುತ್ತಿನ ಘನ × ವ್ಯಾಸದ ಐದನೇ ಘಾತ. 0.018 ವ್ಯಾಟ್ ಬರುತ್ತದೆ. 2 ಲೀಟರಿಗೆ ಹಂಚಿದರೆ ಘನಮೀಟರಿಗೆ ಸುಮಾರು 9 ವ್ಯಾಟ್. ಪ್ರಾಣಿಕೋಶದ ರಿಯಾಕ್ಟರುಗಳನ್ನು ಸಾಮಾನ್ಯವಾಗಿ 10ರಿಂದ 80 ವ್ಯಾಟ್ ನಡುವೆ ಓಡಿಸುತ್ತಾರೆ. ಅಂದರೆ ನಾನು ಹೆದರಿ ಇಳಿಸಿದ ಆ ವೇಗ ಮೊದಲೇ ಕೆಳಮಟ್ಟದಲ್ಲಿತ್ತು! ಇಲ್ಲಿ ವ್ಯಾಸಕ್ಕೆ ಐದನೇ ಘಾತ, ಸುತ್ತಿಗೆ ಘನ ಇರುವುದನ್ನು ಗಮನಿಸಿ. ಆರ್‌ಪಿಎಂ ಎರಡರಷ್ಟಾದರೆ ಶಕ್ತಿ ಎಂಟರಷ್ಟಾಗುತ್ತದೆ.

ನಾಲ್ಕನೆಯದೇ ಅಸಲಿ ಸಂಗತಿ. ಅತಿ ಸಣ್ಣ ಸುಳಿಯ ಅಳತೆ. ಕೊಲ್ಮೊಗೊರೊವ್ ಅಳತೆ ಅಂತ ಕರೆಯುತ್ತಾರೆ. ಇಂಪೆಲ್ಲರ್ ಎಬ್ಬಿಸಿದ ದೊಡ್ಡ ಸುಳಿ ಒಡೆದು ಸಣ್ಣ ಸುಳಿಗಳಾಗುತ್ತವೆ. ಅವು ಒಡೆದು ಇನ್ನೂ ಸಣ್ಣವಾಗುತ್ತವೆ. ಒಂದು ಹಂತದಲ್ಲಿ ಸ್ನಿಗ್ಧತೆ ಅವನ್ನು ನುಂಗಿ ಬಿಸಿಯಾಗಿ ಮುಗಿಸುತ್ತದೆ. ಆ ಕೊನೆಯ ಸುಳಿ ಎಷ್ಟು ಚಿಕ್ಕದು? ಮೊದಲು ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿ. ಅದರ ಘನವನ್ನು ಒಂದು ಕಿಲೋ ದ್ರವಕ್ಕೆ ಬೀಳುವ ವ್ಯಾಟಿನಿಂದ ಭಾಗಿಸಿ. ಬಂದದ್ದರ ನಾಲ್ಕನೇ ಮೂಲ ತೆಗೆಯಿರಿ. ನಮ್ಮ ಲೆಕ್ಕಕ್ಕೆ ಸರಾಸರಿ 78 ಮೈಕ್ರಾನ್ ಬರುತ್ತದೆ. ಇಂಪೆಲ್ಲರಿನ ಪಕ್ಕದಲ್ಲಿ ಶಕ್ತಿ ಸರಾಸರಿಗಿಂತ ಹಲವು ಪಟ್ಟು ಜಾಸ್ತಿ. 30 ಪಟ್ಟು ಅಂತ ಇಟ್ಟುಕೊಂಡರೂ ಸುಳಿ 33 ಮೈಕ್ರಾನ್.

3. ಸುಳಿಯನ್ನು ಕೋಶದ ಪಕ್ಕ ಇಟ್ಟು ನೋಡಿ

ಹರಿಗೋಲಿನಲ್ಲಿ ಕೂತವರಿಗೆ ಇದು ಚೆನ್ನಾಗಿ ಗೊತ್ತು. ಹರಿಗೋಲಿಗಿಂತ ತುಂಬಾ ದೊಡ್ಡ ಸುಳಿ ಬಂದರೆ ಹರಿಗೋಲು ಅದರ ಜೊತೆ ತಿರುಗುತ್ತದೆ. ತಲೆ ಸುತ್ತಬಹುದು, ಹರಿಗೋಲು ಮುರಿಯುವುದಿಲ್ಲ. ಸುಳಿ ಹರಿಗೋಲಿನಷ್ಟೇ ಇದ್ದರೆ ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ ಒಂದು ಅಂಚನ್ನು ಈ ಕಡೆ, ಇನ್ನೊಂದನ್ನು ಆ ಕಡೆ ಎಳೆಯುತ್ತದೆ.

15 ಮೈಕ್ರಾನಿನ ಕೋಶಕ್ಕೆ 33 ಮೈಕ್ರಾನಿನ ಸುಳಿ ದೊಡ್ಡದು. ತೊಂದರೆ ಇಲ್ಲ. ವೇಗವನ್ನು 300 ಆರ್‌ಪಿಎಂ ಮಾಡಿದರೆ ಇಂಪೆಲ್ಲರ್ ಪಕ್ಕದ ಸುಳಿ 20 ಮೈಕ್ರಾನಿಗೆ ಇಳಿಯುತ್ತದೆ. ಆಗ ಅಂಚಿಗೆ ಬಂದಿರಿ ಅನ್ನಬಹುದು. ಅಲ್ಲೂ ಕೋಶ ಕೂಡಲೇ ಸಾಯುತ್ತದೆ ಅಂತಲ್ಲ. ಕೂನಸ್ ಮತ್ತು ಪಾಪೌಟ್ಸಾಕಿಸ್ 1990ರಲ್ಲಿ ಹೈಬ್ರಿಡೋಮಾ ಕೋಶಗಳ (ಪ್ರತಿಕಾಯ ತಯಾರಿಸುವ ಪ್ರಾಣಿಕೋಶ) ಮೇಲೆ ಮಾಡಿದ ಪ್ರಯೋಗವನ್ನು ನಾನು ಎಲ್ಲಾ ಹೊಸಬರಿಗೂ ಹೇಳುತ್ತೇನೆ. ರಿಯಾಕ್ಟರನ್ನು ಮೀಡಿಯಾದಿಂದ ಪೂರ್ತಿ ತುಂಬಿ, ಮೇಲೆ ಗಾಳಿ ಇಲ್ಲದ ಹಾಗೆ ಮಾಡಿ ಕಲಕಿದರು. ಸುಮಾರು 700 ಆರ್‌ಪಿಎಂ ದಾಟುವವರೆಗೂ ಕೋಶಗಳಿಗೆ ಹೇಳಿಕೊಳ್ಳುವ ಪೆಟ್ಟು ಬೀಳಲಿಲ್ಲ. ಮೇಲೆ ಗಾಳಿ ಇದ್ದು, ಮೇಲ್ಮೈ ನಡುವೆ ಕುಳಿ ಬಿದ್ದು ಗುಳ್ಳೆ ಒಳಗೆ ಎಳೆದುಕೊಂಡಾಗ ತುಂಬಾ ಕಡಿಮೆ ವೇಗದಲ್ಲೇ ಕೋಶ ಸತ್ತವು.

4. ಈಗ ಗುಳ್ಳೆ ನೋಡಿ, ಇಲ್ಲಿ ಸಮಯ ಕೊಡಿ

ಮನೆಯಲ್ಲಿ ಮೊಸರು ಕಡೆಯುವುದನ್ನು ನೆನಪು ಮಾಡಿಕೊಳ್ಳಿ. ಕಡಗೋಲು ತಿರುಗಿದಂತೆ ಗಾಳಿ ಒಳಗೆ ಹೋಗಿ ನೊರೆ ಏಳುತ್ತದೆ. ಪೊರೆ ಸುತ್ತಿಕೊಂಡ ಕೊಬ್ಬಿನ ಸಣ್ಣ ಕಣಗಳು ಆ ಗುಳ್ಳೆಗಳಿಗೆ ಅಂಟುತ್ತವೆ, ಪೊರೆ ಹರಿಯುತ್ತದೆ, ಒಳಗಿನ ಕೊಬ್ಬು ಹೊರಬಂದು ಒಂದಕ್ಕೊಂದು ಸೇರಿ ಬೆಣ್ಣೆಯಾಗುತ್ತದೆ. ಬೆಣ್ಣೆಗೆ ಅದು ಬೇಕು. ನಮ್ಮ ಕೋಶಕ್ಕೆ ಬೇಡ.

ರಿಯಾಕ್ಟರಿನಲ್ಲಿ ಕೋಶ ಗುಳ್ಳೆಯ ಮೈಗೆ ಅಂಟಿ ಮೇಲಕ್ಕೆ ಬರುತ್ತದೆ. ಮೇಲೆ ಗುಳ್ಳೆ ಒಡೆಯುವ ಗಳಿಗೆಯಲ್ಲಿ ಅದರ ತೆಳು ಪೊರೆ ಹಿಂದಕ್ಕೆ ಸರ್ರನೆ ಎಳೆದುಕೊಳ್ಳುತ್ತದೆ. ಕೆಳಗಿನ ಕುಳಿ ಮುಚ್ಚಿಕೊಂಡು ಸಣ್ಣ ಚಿಲುಮೆಯೊಂದು ಚಿಮ್ಮುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ, ಆದರೆ ಆ ಪುಟ್ಟ ಜಾಗದಲ್ಲಿ ಬೀಳುವ ಶಕ್ತಿಯನ್ನು ಘನಮೀಟರಿಗೆ ಲೆಕ್ಕ ಹಾಕಿದರೆ ಕೋಟಿಗಟ್ಟಲೆ ವ್ಯಾಟ್. ಇಂಪೆಲ್ಲರಿನ ಸರಾಸರಿ 9 ವ್ಯಾಟ್ ಎಲ್ಲಿ, ಇದೆಲ್ಲಿ!

ಸಣ್ಣ ಗುಳ್ಳೆ ಹೆಚ್ಚು ಅಪಾಯ. 2 ಮಿಲಿಮೀಟರಿಗಿಂತ ಕಿರಿದಾದ ಗುಳ್ಳೆ ಒಡೆದಾಗ ಆ ಕೋಟಿಗಟ್ಟಲೆಯ ಲೆಕ್ಕ. 6 ಮಿಲಿಮೀಟರಿನ ಗುಳ್ಳೆಗೆ ಅದರ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಆಮ್ಲಜನಕ ಬೇಗ ಕರಗುವುದು ಸಣ್ಣ ಗುಳ್ಳೆಯಿಂದ. ಈ ಹಗ್ಗಜಗ್ಗಾಟ ಕೊನೆವರೆಗೂ ಇದ್ದೇ ಇರುತ್ತದೆ.

ರಿಯಾಕ್ಟರಿನ ಮುಂದೆ ನಿಂತು ಇವನ್ನು ನೋಡಿ. ಮೇಲ್ಮೈ ಸಮತಟ್ಟಾಗಿದೆಯಾ, ನಡುವೆ ಕುಳಿ ಬಿದ್ದಿದೆಯಾ? ಕುಳಿ ಬಿದ್ದಿದ್ದರೆ ಬ್ಯಾಫಲ್ ಇಲ್ಲ, ಇಲ್ಲವೇ ವೇಗ ಜಾಸ್ತಿ. ಮೇಲಿನ ಇಂಪೆಲ್ಲರ್ ಪೂರ್ತಿ ಮುಳುಗಿದೆಯಾ? ಫೆಡ್-ಬ್ಯಾಚ್, ಅಂದರೆ ನಡುನಡುವೆ ಪೋಷಕ ಫೀಡ್ ಸೇರಿಸುತ್ತಾ ಹೋಗುವ ವಿಧಾನದ ಶುರುವಿನಲ್ಲಿ ದ್ರವ ಕಡಿಮೆ ಇರುತ್ತದೆ. ಅರ್ಧ ಮುಳುಗಿ ಅರ್ಧ ಎದ್ದಿರುವ ಇಂಪೆಲ್ಲರ್ ಚಪಚಪ ಅಂತ ಗಾಳಿಯನ್ನು ಒಳಗೆ ಬಡಿಯುತ್ತಿರುತ್ತದೆ. ಸ್ಕ್ರೀನಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಿವಿಗೆ ಮಾತ್ರ ಗೊತ್ತಾಗುತ್ತದೆ.

ಆಮೇಲೆ ಪ್ಲುರಾನಿಕ್ ಎಫ್-68, ಕೋಶವನ್ನು ಗುಳ್ಳೆಯಿಂದ ಕಾಪಾಡಲು ಮೀಡಿಯಾಕ್ಕೆ ಹಾಕುವ ಪಾಲಿಮರ್. ಪೊಲಾಕ್ಸಮರ್ 188 ಅಂದರೂ ಅದೇ. ಲೀಟರಿಗೆ 1 ಗ್ರಾಂ ಸುತ್ತಮುತ್ತ ಇದ್ದರೆ ಕೋಶ ಗುಳ್ಳೆಗೆ ಅಂಟುವುದೇ ತುಂಬಾ ಕಡಿಮೆಯಾಗುತ್ತದೆ. ನಿಮ್ಮ ಮೀಡಿಯಾದಲ್ಲಿ ಇದು ಮೊದಲೇ ಇದೆಯಾ ಅಂತ ಕೇಳಿ ತಿಳಿದುಕೊಳ್ಳಿ. ಲಾಟ್ ನಂಬರ್ ಬರೆದಿಡಿ. ಒಂದು ಲಾಟ್ ಚೆನ್ನಾಗಿ ಕಾಪಾಡಿ ಇನ್ನೊಂದು ಕೈಕೊಡುವುದು ಈ ಉದ್ಯಮದಲ್ಲಿ ಎಲ್ಲರಿಗೂ ಗೊತ್ತಿರುವ ಸಮಸ್ಯೆ. ಹೊಸ ಲಾಟ್ ಬಂದಾಗ ಬ್ಯಾಫಲ್ ಇರುವ ಶೇಕ್ ಫ್ಲಾಸ್ಕಿನಲ್ಲಿ ಜೋರಾಗಿ ಅಲುಗಾಡಿಸಿ, ಹಳೇ ಲಾಟಿನ ಜೊತೆ ಹೋಲಿಸಿ ನೋಡಿ. ನೊರೆ ಎದ್ದಾಗ ಆಂಟಿಫೋಮ್ ಸುರಿಯುವ ಮುಂಚೆಯೂ ಯೋಚನೆ ಮಾಡಿ. ಅದು ನೊರೆಯನ್ನು ಇಳಿಸುತ್ತದೆ, ಜೊತೆಗೆ ಆಮ್ಲಜನಕ ಕರಗುವುದನ್ನೂ ತಗ್ಗಿಸುತ್ತದೆ. ಆಗ ಕಂಟ್ರೋಲರ್ ಮತ್ತೆ ಗ್ಯಾಸ್ ಏರಿಸುತ್ತದೆ. ಹನಿ ಲೆಕ್ಕದಲ್ಲಿ ಹಾಕಿ.

5. ಸ್ಪಾರ್ಜರಿನ ತೂತು ಎಣಿಸಿ

ಗುಳ್ಳೆ ಮೇಲೆ ಒಡೆಯುವುದು ಒಂದು ಕಥೆ. ಕೆಳಗೆ ತೂತಿನಿಂದ ಗ್ಯಾಸ್ ನುಗ್ಗುವುದು ಇನ್ನೊಂದು. ಎನ್‌ಎಸ್‌ಒ ಅನ್ನುವ ಇಲಿಯ ಕೋಶಗಳ ಮೇಲೆ ಮಾಡಿದ ಕೆಲಸದಲ್ಲಿ, ಗ್ಯಾಸ್ ತೂತಿನಿಂದ ಬರುವ ವೇಗ ಸೆಕೆಂಡಿಗೆ ಸುಮಾರು 30 ಮೀಟರ್ ಮೀರಿದಾಗ ಕೋಶಗಳಿಗೆ ಪೆಟ್ಟು ಬಿದ್ದದ್ದು ಕಂಡುಬಂತು.

1000 ಲೀಟರಿನ ರಿಯಾಕ್ಟರ್, ನಿಮಿಷಕ್ಕೆ 20 ಲೀಟರ್ ಗ್ಯಾಸ್, 1 ಮಿಲಿಮೀಟರಿನ 20 ತೂತು ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ವೇಗ ಸೆಕೆಂಡಿಗೆ 21 ಮೀಟರ್. ಸರಿಯಾಗಿದೆ. ಹಿಂದಿನ ಬ್ಯಾಚಿನ ಪ್ರೊಟೀನ್ ಒಣಗಿ 10 ತೂತು ಮುಚ್ಚಿಹೋಗಿದ್ದರೆ? ಅದೇ 20 ಲೀಟರ್ ಈಗ 42 ಮೀಟರ್ ವೇಗದಲ್ಲಿ ನುಗ್ಗುತ್ತದೆ. ಫ್ಲೋ ಮೀಟರ್ 20 ಅಂತಲೇ ತೋರಿಸುತ್ತಿರುತ್ತದೆ. ಅದಕ್ಕೇ ಪ್ರತಿ ಸಲ ತೊಳೆದ ಮೇಲೆ ಸ್ಪಾರ್ಜರನ್ನು ನೀರಿನಲ್ಲಿ ಮುಳುಗಿಸಿ ಗಾಳಿ ಬಿಟ್ಟು, ಎಲ್ಲಾ ತೂತಿನಿಂದಲೂ ಗುಳ್ಳೆ ಬರುತ್ತಿದೆಯಾ ಅಂತ ಕಣ್ಣಾರೆ ನೋಡಿ. ಎರಡು ನಿಮಿಷದ ಕೆಲಸ.

6. ಎಣಿಕೆಯನ್ನು ಪೂರ್ತಿ ನಂಬಬೇಡಿ

ಟ್ರೈಪಾನ್ ಬ್ಲೂ ಬಣ್ಣ ಹಾಕಿ ವಯಬಿಲಿಟಿ ನೋಡುವಾಗ, ಸತ್ತರೂ ಆಕಾರ ಉಳಿಸಿಕೊಂಡ ಕೋಶ ಮಾತ್ರ ನೀಲಿಯಾಗಿ ಕಾಣುತ್ತದೆ. ಗುಳ್ಳೆಗೆ ಸಿಕ್ಕು ಚೂರಾದದ್ದು ಲೆಕ್ಕಕ್ಕೇ ಸಿಗುವುದಿಲ್ಲ. ಹಾಗಾಗಿ ದಿನವಿಡೀ ಕೋಶ ಒಡೆಯುತ್ತಿದ್ದರೂ ವಯಬಿಲಿಟಿ 95 ತೋರಿಸಬಹುದು. ಬೆಳವಣಿಗೆ ಮಾತ್ರ ಯಾಕೋ ನಿಧಾನ ಅನಿಸುತ್ತದೆ.

ಇದಕ್ಕೆ ಎಲ್‌ಡಿಹೆಚ್ ಅಳೆಯಿರಿ. ಕೋಶದೊಳಗೆ ಇರುವ ಈ ಎಂಜೈಮ್ ಪೊರೆ ಹರಿದಾಗ ಮೀಡಿಯಾಕ್ಕೆ ಸೋರುತ್ತದೆ. ದಿನಾ ಒಂದೇ ಹೊತ್ತಿಗೆ ಅಳೆದು ಗ್ರಾಫ್ ಹಾಕಿ. ವಯಬಿಲಿಟಿ ಹಾಗೇ ಇದ್ದು ಎಲ್‌ಡಿಹೆಚ್ ಏರುತ್ತಿದ್ದರೆ ಕೋಶ ಒಡೆಯುತ್ತಿವೆ ಅಂತಲೇ ಅರ್ಥ. ಸ್ಯಾಂಪಲ್ ತೆಗೆಯುವಾಗ ಸಪೂರ ಸೂಜಿಯಿಂದ ಸಿರಿಂಜನ್ನು ಜೋರಾಗಿ ಎಳೆಯಬೇಡಿ. ರಿಯಾಕ್ಟರಿನಲ್ಲಿ ಇಲ್ಲದ ಶಿಯರನ್ನು ನೀವೇ ಹುಟ್ಟಿಸಿದ ಹಾಗಾಗುತ್ತದೆ.

ಶಿಯರ್ ಅಲ್ಲದ್ದೂ ಶಿಯರಿನಂತೆ ಕಾಣುತ್ತದೆ. ಪಿಹೆಚ್ ಸರಿಮಾಡಲು ಹಾಕುವ ಕ್ಷಾರ ಮೇಲಿನಿಂದ ಹನಿಹನಿಯಾಗಿ ಬೀಳುತ್ತಿದ್ದು, ಕಲಕುವುದು ನಿಧಾನ ಇದ್ದರೆ, ಹನಿ ಬಿದ್ದ ಜಾಗದಲ್ಲಿ ಪಿಹೆಚ್ ವಿಪರೀತ ಏರಿ ಅಲ್ಲಿನ ಕೋಶಗಳು ಸಾಯುತ್ತವೆ. ಆಗ ಆರ್‌ಪಿಎಂ ಇಳಿಸಿದರೆ ಇನ್ನೂ ಕೆಡುತ್ತದೆ. ಕ್ಷಾರದ ಕೊಳವೆಯನ್ನು ಇಂಪೆಲ್ಲರ್ ಹತ್ತಿರ, ದ್ರವದೊಳಗೆ ಬಿಡಿ.

7. ಆಮ್ಲಜನಕದ ಲೆಕ್ಕ ಹಾಕಿ, ಆಮೇಲೆ ಕೈ ಹಾಕಿ

37 ಡಿಗ್ರಿಯಲ್ಲಿ ಗಾಳಿಯಿಂದ ತುಂಬಿದ ಮೀಡಿಯಾದಲ್ಲಿ ಲೀಟರಿಗೆ ಕರಗಿರುವ ಆಮ್ಲಜನಕ ಸುಮಾರು 0.2 ಮಿಲಿಮೋಲ್ ಅಷ್ಟೇ. ಮಿಲಿಲೀಟರಿಗೆ 1 ಕೋಟಿ ಚೋ ಕೋಶ ಇದ್ದರೆ ಅವು ಗಂಟೆಗೆ ಲೀಟರಿಗೆ 2.5 ಮಿಲಿಮೋಲಿನಷ್ಟು ಉಸಿರಾಡುತ್ತವೆ. ಅಂದರೆ ಗ್ಯಾಸ್ ನಿಂತರೆ ಐದೇ ನಿಮಿಷದಲ್ಲಿ ಖಾಲಿ. ಕಲಕುವುದನ್ನು ಸುಮ್ನೆ ಕಡಿಮೆ ಮಾಡಲಿಕ್ಕೆ ಆಗಲ್ಲ ಅನ್ನುವುದು ಇದಕ್ಕೇ.

ನಾನು ಈಗ ಅನುಸರಿಸುವ ಕ್ರಮ ಹೀಗಿದೆ. ಮೊದಲು ಕುಳಿ, ಮಟ್ಟ, ತೂತು ಸರಿಮಾಡಿ. ಪ್ಲುರಾನಿಕ್ ನೋಡಿ. ಆಮೇಲೆ ಗಾಳಿಯ ಬದಲು ಆಮ್ಲಜನಕ ಬೆರೆಸಿ. ಶುದ್ಧ ಆಮ್ಲಜನಕ ಗಾಳಿಗಿಂತ ಸುಮಾರು ಐದು ಪಟ್ಟು ಕರಗುತ್ತದೆ, ಹಾಗಾಗಿ ಅಷ್ಟು ಕಡಿಮೆ ಗುಳ್ಳೆ ಸಾಕಾಗುತ್ತದೆ. ಆಮೇಲೆ ಆರ್‌ಪಿಎಂ ಸ್ವಲ್ಪ ಏರಿಸಿ ನೋಡಿ. ಹೌದು, ಏರಿಸಿ. ಆಗ ಗ್ಯಾಸ್ ತಾನಾಗಿ ಇಳಿಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ನಡುವೆ ಕನಿಷ್ಠ ಒಂದು ದಿನ ಬಿಡಿ.

ಒಂದು ಎಚ್ಚರಿಕೆ. ಗ್ಯಾಸನ್ನು ತೀರಾ ಕಡಿಮೆ ಮಾಡಿದರೆ, ಅದರಲ್ಲೂ ತೀರಾ ಸಣ್ಣ ಗುಳ್ಳೆ ಬಿಡುವ ಮೈಕ್ರೋಸ್ಪಾರ್ಜರ್ ಒಂದನ್ನೇ ನಂಬಿದರೆ, ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಒಳಗೇ ಕೂತುಬಿಡುತ್ತದೆ. ಅದನ್ನು ಹೊತ್ತೊಯ್ಯುವುದು ದೊಡ್ಡ ಗುಳ್ಳೆ. ದೊಡ್ಡ ರಿಯಾಕ್ಟರುಗಳಲ್ಲಿ ಎರಡೂ ಥರದ ಸ್ಪಾರ್ಜರ್ ಇಡುವುದು ಇದಕ್ಕಾಗಿ.

8. ದೊಡ್ಡ ಪಾತ್ರೆಗೆ ಹೋಗುವಾಗ

2 ಲೀಟರಿನಿಂದ 2000 ಲೀಟರಿಗೆ, ಅದೇ ಆಕಾರದಲ್ಲಿ ಹೋದರೆ ಎಲ್ಲಾ ಅಳತೆಯೂ ಹತ್ತು ಪಟ್ಟು. ಇಂಪೆಲ್ಲರ್ 60 ಸೆಂಟಿಮೀಟರ್. ಘನಮೀಟರಿಗೆ ಅದೇ 9 ವ್ಯಾಟ್ ಬೇಕಾದರೆ ವೇಗ 32 ಆರ್‌ಪಿಎಂ. ತುದಿಯ ವೇಗ ಸೆಕೆಂಡಿಗೆ 1 ಮೀಟರ್ ಆಗುತ್ತದೆ, ಮೊದಲಿನ ಎರಡು ಪಟ್ಟು. ಇದನ್ನು ನೋಡಿ ಹೆದರಿ ತುದಿಯ ವೇಗವನ್ನೇ 0.47ರಲ್ಲಿ ಹಿಡಿದಿಟ್ಟರೆ 15 ಆರ್‌ಪಿಎಂಗೆ ಇಳಿಸಬೇಕಾಗುತ್ತದೆ. ಆಗ ಶಕ್ತಿ ಹತ್ತನೇ ಒಂದು ಭಾಗ, ಘನಮೀಟರಿಗೆ 1 ವ್ಯಾಟ್ ಕೂಡ ಇಲ್ಲ. ಮೇಲೆ ಹಾಕಿದ ಫೀಡ್ ಕೆಳಗೆ ಮುಟ್ಟುವುದೇ ತಡ. ನನ್ನ ಮಟ್ಟಿಗೆ ವ್ಯಾಟ್ ಲೆಕ್ಕವನ್ನೇ ಹಿಡಿದು ಹೋಗುವುದು ವಾಸಿ. ತುದಿಯ ವೇಗ ಬರೆದಿಟ್ಟುಕೊಂಡರೆ ಸಾಕು.

9. ಮೈಕ್ರೋಕ್ಯಾರಿಯರ್ ಆದರೆ ಇದೆಲ್ಲ ತಿರುವುಮುರುವು

ವೀರೋ ಕೋಶ (ಕೋತಿಯ ಮೂತ್ರಪಿಂಡದಿಂದ ಬಂದದ್ದು), ಸ್ಟೆಮ್ ಸೆಲ್ ಇಂಥವು ಮೈಕ್ರೋಕ್ಯಾರಿಯರ್ ಅನ್ನುವ ಸಣ್ಣ ಮಣಿಗಳ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಈ ಮಣಿ ವಿಧಾನವನ್ನು 1967ರಲ್ಲಿ ವಾನ್ ವೆಜೆಲ್ ತಂದರು. ಈಗ ಸಾಮಾನ್ಯವಾಗಿ ಬಳಸುವ ಸೈಟೊಡೆಕ್ಸ್ ಮಣಿ 190 ಮೈಕ್ರಾನ್ ಆಸುಪಾಸು. ಇಲ್ಲಿ ನಿಮ್ಮ ಹರಿಗೋಲು ಕೋಶ ಅಲ್ಲ, ಮಣಿ. ಸುಳಿಯ ಅಳತೆ ಮಣಿಯ ವ್ಯಾಸದ ಮೂರನೇ ಎರಡು ಭಾಗಕ್ಕಿಂತ ಕೆಳಗಿಳಿದರೆ ಕೋಶ ಕಿತ್ತುಬರಲು ಶುರುವಾಗುತ್ತದೆ. ಅಂದರೆ ಸುಮಾರು 125 ಮೈಕ್ರಾನ್. ಚೋ ಕೋಶಕ್ಕೆ ಏನೂ ಅಲ್ಲದ 150 ಆರ್‌ಪಿಎಂನ 78 ಮೈಕ್ರಾನ್ ಸುಳಿ ಇಲ್ಲಿ ನಿಜವಾಗಿಯೂ ಕೊಲ್ಲುತ್ತದೆ. ಅದೇ ಪಾತ್ರೆಯಲ್ಲಿ 80 ಆರ್‌ಪಿಎಂ ಒಳಗೇ ಇರಬೇಕು. ಈ ಕೋಶ ತೇಲಿಕೊಂಡು ತಪ್ಪಿಸಿಕೊಳ್ಳಲಾರದು. ಮಣಿ ಮಣಿಗೆ ಬಡಿದಾಗಲೂ ಪೆಟ್ಟು ಅದಕ್ಕೇ.

ಹಾಗಂತ ಮಣಿ ಕೆಳಗೆ ಕೂತುಬಿಟ್ಟರೆ ಅಲ್ಲಿನ ಕೋಶ ಉಸಿರುಕಟ್ಟಿ ಸಾಯುತ್ತವೆ. ಹಾಗಾಗಿ ಕೋಶ ಹಾಕುವ ಮುಂಚೆ ಬರೀ ಮಣಿ ಮತ್ತು ಮೀಡಿಯಾ ಇಟ್ಟು ನೋಡಿ. ಲ್ಯಾಬಿನ ದೀಪ ಆರಿಸಿ, ಪಾತ್ರೆಯ ತಳಕ್ಕೆ ಪಕ್ಕದಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. 30 ಆರ್‌ಪಿಎಂನಲ್ಲಿ ತಳದ ಮೂಲೆಯಲ್ಲಿ ಮಣಿಗಳ ಬಿಳಿ ಗುಡ್ಡೆ ಕಾಣುತ್ತದೆ. ಐದೈದು ಏರಿಸುತ್ತಾ ಹೋಗಿ. ಗುಡ್ಡೆ ಕರಗುತ್ತದೆ, ಕೊನೆಗೆ ಅಲ್ಲೊಂದು ಇಲ್ಲೊಂದು ಮಣಿ ಕೂತು ಏಳುತ್ತದೆ. ಯಾವ ಮಣಿಯೂ ತಳದಲ್ಲಿ ಒಂದೆರಡು ಸೆಕೆಂಡಿಗಿಂತ ಜಾಸ್ತಿ ನಿಲ್ಲದ ವೇಗ ಸಿಕ್ಕಾಗ ಬರೆದುಕೊಳ್ಳಿ. ಆ ವೇಗಕ್ಕೂ 80ಕ್ಕೂ ನಡುವೆ ಇರುವಷ್ಟೇ ನಿಮಗೆ ಸಿಕ್ಕ ಜಾಗ. ಕೆಳಗಿನ ಅಂಚಿಗೆ ಹತ್ತಿರದಿಂದ ಶುರುಮಾಡಿ.